ಪಟ್ಟಿಯೂ ಬೆರಳೂ

(ಸಂಘದ ವಾರ್ಷಿಕ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರ್ಷಕ್ಕೊಮ್ಮೆ ನೆರೆಯುವ ಈ ಸಭೆಯಲ್ಲಿ ಮುಖ್ಯೋಪಾಧ್ಯಾಯರಾದವರು ನಾಲ್ಕು ಮಾತುಗಳನ್ನಾಡಬೇಕೆಂಬುದು ನಮ್ಮ ಸಂಘದ ಪದ್ಧತಿ. ಸಾಧಾರಣವಾಗಿ ಆ ಮಾತುಗಳು ಮಾತೃಭಾಷೆಯ ಮಹತ್ತ್ವವನ್ನೋ, ಶಿಸ್ತಿನ ಅವಶ್ಯಕತೆಯನ್ನೋ ಕುರಿತಿರುತ್ತವೆ. ಈ ಸಲ ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದು, “ಈಗ ಮಕ್ಕಳೆಲ್ಲರೂ ಕಂಪ್ಯೂಟರ್ ಎನ್ನುತ್ತಾರೆ, ತಾವು ಅದರ ವಿಷಯವಾಗಿಯೇ ಏನಾದರೂ ಹೇಳಬೇಕು” ಎಂದು ಕೇಳಿದರು. ನಾವು ಬಿ.ಎ., ಬಿ.ಟಿ. ಓದಿದವರು, ನಮ್ಮ ವಿಷಯ ಚರಿತ್ರೆ. ಯಂತ್ರವಿದ್ಯೆಯಲ್ಲಿ ನಮಗೆ ಪಾಂಡಿತ್ಯವಿಲ್ಲ. ಆದರೂ ಒಪ್ಪಿಕೊಂಡೆವು. ಕಾರಣವಿಷ್ಟೆ: ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಂದು ತಪ್ಪು ನಡೆಯಿತು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದ್ದಿತು. ಅದನ್ನು ತಿದ್ದಲು ಹೋಗಿ, ಜಾವಾ ಎಂಬ ಕಂಪ್ಯೂಟರ್ ಭಾಷೆಯ ಒಂದು ಸಣ್ಣ ಅಂಗವನ್ನು ನಾವು ಕಲಿಯಬೇಕಾಗಿ ಬಂದಿತು. ಆ ಸಣ್ಣ ಅಂಗವನ್ನು ಕುರಿತು ಇಂದು ಕನ್ನಡದಲ್ಲಿ ವಿವರಿಸಬೇಕೆಂದಿದ್ದೇವೆ. ಅದರ ಹೆಸರು ಇಟರೇಟರ್.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇವೆ. ಪ್ರತಿವರ್ಷವೂ ಶಾಲೆ ತೆರೆದ ಬಳಿಕ ನಮ್ಮ ಸಂಘವು ಬಡ ಮಕ್ಕಳಿಗೆ ಟಿಪ್ಪಣಿ ಪುಸ್ತಕಗಳನ್ನು ಹಂಚುವುದು ತಮಗೆಲ್ಲರಿಗೂ ತಿಳಿದದ್ದೇ. ಹಿಂದಿನ ವರ್ಷದ ಪಟ್ಟಿಯನ್ನು ತೆಗೆದುಕೊಂಡು, ಅದರಲ್ಲಿ ಟಿ.ಸಿ. ಪಡೆದು ಹೋದವರ ಹೆಸರನ್ನು ಹೊಡೆದುಹಾಕಿ, ಉಳಿದವರಿಗೆ ಒಂದೊಂದು ಚೀಟಿ ಬರೆದು, ಆ ಚೀಟಿಯ ಪ್ರಕಾರ ಕಟ್ಟುಗಳನ್ನು ಕೊಡುವುದು ವಾಡಿಕೆ. ಆ ವರ್ಷ ನಮ್ಮ ಶಾಲೆಯಲ್ಲೇ ಓದಿ, ಮುಂದೆ ಎಂಜಿನಿಯರಿಂಗ್ ಕಾಲೇಜು ಸೇರಿದ್ದ ಹುಡುಗನೊಬ್ಬನು, “ಸಾರ್, ಈ ಕೆಲಸಕ್ಕೆ ಮೂರು ದಿನವೇಕೆ? ನಾನು ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದುಕೊಡುತ್ತೇನೆ” ಎಂದು ಮುಂದೆ ಬಂದನು. ನಮಗೆ ಸಂತೋಷವಾಯಿತು. ಕನ್ನಡ ಶಾಲೆಯ ಹುಡುಗನು ಕನ್ನಡ ಶಾಲೆಗೆ ಮಾಡುವ ಸೇವೆಗಿಂತ ಹೆಚ್ಚಿನದೇನಿದೆ?

ಪಟ್ಟಿಯಲ್ಲಿ 64 ಹೆಸರುಗಳಿದ್ದವು. ಆರು ಮಂದಿ ಟಿ.ಸಿ. ಪಡೆದಿದ್ದರು. ಪ್ರೋಗ್ರಾಂ ಕ್ಷಣಮಾತ್ರದಲ್ಲಿ ಕೆಲಸ ಮುಗಿಸಿತು. ಪಟ್ಟಿಯಲ್ಲಿ ಎಷ್ಟು ಹೆಸರುಗಳು ಉಳಿದಿವೆ ಎಂದು ನೋಡಿದೆವು. 58 ಎಂದು ಬಂದಿತು. ಲೆಕ್ಕ ಸರಿಯಾಯಿತೆಂದು ಸಮಾಧಾನಪಟ್ಟೆವು. ಚೀಟಿಗಳನ್ನು ಎಣಿಸಲಿಲ್ಲ. ಯಂತ್ರವು ಬರೆದದ್ದನ್ನು ಮನುಷ್ಯರು ಎಣಿಸುವುದೇಕೆಂಬ ಭಾವನೆ ನಮ್ಮಲ್ಲಿದ್ದಿತು.

ಹಂಚಿಕೆಯ ದಿನ ಹೆಸರು ಕೂಗುತ್ತಾ ಹೋದೆವು. ಎಲ್ಲ ಮುಗಿದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಬರಿಗೈಯಲ್ಲಿ ಕಂಬದ ಬಳಿ ನಿಂತಿದ್ದಳು. ನಾವು ಅವಳನ್ನು ಕರೆದು ಗದರಿಸಿಯೇ ಕೇಳಿದೆವು: “ಹೆಸರು ಕೂಗಿದಾಗ ನಿನ್ನ ಗಮನವೆಲ್ಲಿತ್ತು?” ಅವಳು ತಲೆ ತಗ್ಗಿಸಿ, “ನನ್ನ ಹೆಸರು ಕೂಗಲೇ ಇಲ್ಲ, ಸಾರ್” ಎಂದಳು. ನಾವು ನಂಬಲಿಲ್ಲ. ಕಂಪ್ಯೂಟರು ಬರೆದ ಚೀಟಿಗಳನ್ನು ನಂಬಿದೆವು. ಎದುರಿಗೆ ನಿಂತಿದ್ದ ಮಗುವನ್ನು ನಂಬಲಿಲ್ಲ. ಅಷ್ಟರಲ್ಲಿ ಇನ್ನೂ ಐದು ಮಂದಿ ಮಕ್ಕಳು ಹಿಂಜರಿಯುತ್ತಾ ಬಂದು ಅದೇ ಮಾತನ್ನು ಹೇಳಿದರು. ಆಗ ಚೀಟಿಗಳನ್ನು ಎಣಿಸಿದೆವು. 52 ಇದ್ದವು.

ಆ ಸಂಜೆ ಹಳೆಯ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಆರು ಮಂದಿಯ ಹೆಸರುಗಳಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಬಿಟ್ಟುಹೋದ ಪ್ರತಿಯೊಂದು ಮಗುವಿನ ಹೆಸರೂ ಟಿ.ಸಿ. ಪಡೆದವರೊಬ್ಬರ ಹೆಸರಿನ ಕೆಳಗಿನ ಸಾಲಿನಲ್ಲಿಯೇ ಇದ್ದಿತು. ಆರಕ್ಕೆ ಆರೂ ಹಾಗೆಯೇ. ಊರು ಬಿಟ್ಟು ಹೋದವರ ನೆರೆಯವರು ಮಾತ್ರ ತಪ್ಪಿಹೋಗಿದ್ದರು. ಆಕಸ್ಮಿಕವೆಂದು ಹೇಳಲು ಸಾಧ್ಯವಿರಲಿಲ್ಲ. ಇದಕ್ಕೊಂದು ನಿಯಮವಿರಲೇಬೇಕೆಂದು ತೋರಿತು. ಮಾರನೆಯ ಭಾನುವಾರ ಆ ಹುಡುಗನನ್ನು ಬರಮಾಡಿಕೊಂಡೆವು.

ಅವನು ಪಟ್ಟಿಯನ್ನು ನೋಡಿದ ಕೂಡಲೆ ಮುಖ ಬಾಡಿತು. “ಸಾರ್, ಇಟರೇಟರ್ ಉಪಯೋಗಿಸಬೇಕಾಗಿತ್ತು” ಎಂದನು. “ಹಾಗೆಂದರೇನು?” ಎಂದು ಕೇಳಿದೆವು. ಅವನು ಪಠ್ಯಪುಸ್ತಕದ ಇಂಗ್ಲಿಷ್ ವಾಕ್ಯವೊಂದನ್ನು ತಪ್ಪಿಲ್ಲದೆ ಹೇಳಿದನು. ನಮಗೆ ಅರ್ಥವಾಗಲಿಲ್ಲ. “ಕನ್ನಡದಲ್ಲಿ ಹೇಳಪ್ಪ” ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ ನಮ್ಮ ಹಾಜರಿ ಪುಸ್ತಕವನ್ನು ಎಳೆದುಕೊಂಡು, ಮೊದಲನೆಯ ಹೆಸರಿನ ಮೇಲುಗಡೆ ತೋರುಬೆರಳನ್ನಿಟ್ಟು, “ಇಟರೇಟರ್ ಎಂದರೆ ಈ ಬೆರಳು, ಸಾರ್” ಎಂದನು. ಅಂದಿನಿಂದ ನಮ್ಮ ಶಾಲೆಯಲ್ಲಿ ಅದನ್ನು ಬೆರಳು ಎಂದೇ ಕರೆಯುತ್ತೇವೆ. ಇಂದಿನ ಭಾಷಣದಲ್ಲಿಯೂ ಹಾಗೆಯೇ ಕರೆಯುವುದಕ್ಕೆ ತಮ್ಮ ಅನುಮತಿಯನ್ನು ಬೇಡುತ್ತೇವೆ.

ಚರಿತ್ರೆಯನ್ನು ಓದಿದವರಿಗೆ ಯಾವ ವಸ್ತುವನ್ನು ಕಂಡರೂ ಅದರ ಹುಟ್ಟನ್ನು ತಿಳಿಯುವ ಚಪಲವಿರುತ್ತದೆ. ಜಾವಾ ಭಾಷೆಯನ್ನು ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಎಂಬ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬವರೂ ಅವರ ಸಂಗಡಿಗರೂ 1991ರಿಂದ ರೂಪಿಸತೊಡಗಿದರು. ಮೊದಲು ಅದಕ್ಕೆ ಓಕ್ ಎಂಬ ಮರದ ಹೆಸರಿತ್ತು; ಅನಂತರ ಕಾಫಿಯ ಹೆಸರಿನಿಂದ ಜಾವಾ ಎಂದಾಯಿತು. 1995ರಲ್ಲಿ ಅದು ಲೋಕಕ್ಕೆ ತಿಳಿಯಿತು. 1996ರ ಜನವರಿಯಲ್ಲಿ ಮೊದಲನೆಯ ಆವೃತ್ತಿ ಹೊರಬಂದಿತು. 2010ರಲ್ಲಿ ಆ ಸಂಸ್ಥೆಯು ಒರಾಕಲ್ ಎಂಬ ಸಂಸ್ಥೆಯ ವಶವಾಯಿತು.

ಪಟ್ಟಿಯ ಮೇಲೆ ಬೆರಳಿಟ್ಟು ನಡೆಯುವ ವಿಚಾರ ಜಾವಾಕ್ಕಿಂತ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಬಾರ್ಬರಾ ಲಿಸ್ಕೊವ್ ಎಂಬ ವಿದುಷಿಯೂ ಅವರ ಶಿಷ್ಯರೂ ಕ್ಲೂ ಎಂಬ ಭಾಷೆಯನ್ನು ರಚಿಸಿದಾಗ ಅದರಲ್ಲಿ ಇಟರೇಟರಿಗೆ ಸ್ಥಾನ ಕೊಟ್ಟಿದ್ದರು. ಅವರಿಗೆ 2008ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಜಾವಾದ ಮೊದಲ ಆವೃತ್ತಿಯಲ್ಲಿ ಎನ್ಯುಮರೇಶನ್ ಎಂಬ ಬೆರಳಿತ್ತು. ಅದು ಹೆಸರುಗಳನ್ನು ತೋರಿಸಬಲ್ಲದಾಗಿತ್ತೇ ಹೊರತು ಹೊಡೆದುಹಾಕಲಾರದಾಗಿತ್ತು. 1998ರ ಡಿಸೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಜೋಷುವಾ ಬ್ಲಾಕ್ ಎಂಬವರ ನೇತೃತ್ವದಲ್ಲಿ ಸಂಗ್ರಹಗಳ ವ್ಯವಸ್ಥೆಯೆಲ್ಲವೂ ಹೊಸದಾಗಿ ಏರ್ಪಟ್ಟಿತು. ಪಟ್ಟಿಯನ್ನು ತಿದ್ದಬಲ್ಲ ಇಟರೇಟರ್ ಆಗ ಬಂದಿತು.

ಈಗ ಆ ಬೆರಳಿನ ಗುಣಗಳನ್ನು ನೋಡೋಣ. ಅದಕ್ಕೆ ಮುಖ್ಯವಾಗಿ ತಿಳಿದಿರುವ ಮಾತುಗಳು ಮೂರು. ಮೊದಲನೆಯದು ಹ್ಯಾಸ್‌ನೆಕ್ಸ್ಟ್: ಮುಂದೆ ಇನ್ನೊಬ್ಬರು ಇದ್ದಾರೆಯೇ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೌದು ಅಥವಾ ಇಲ್ಲ. ಈ ಪ್ರಶ್ನೆಯಿಂದ ಬೆರಳು ಕದಲುವುದಿಲ್ಲ. ಎರಡನೆಯದು ನೆಕ್ಸ್ಟ್: ಒಂದು ಹೆಸರನ್ನು ದಾಟಿ, ದಾಟಿದ ಆ ಹೆಸರನ್ನು ನಮ್ಮ ಕೈಗೆ ಕೊಡು ಎಂಬ ಆಜ್ಞೆ. ಮೂರನೆಯದು ರಿಮೂವ್: ಈಗತಾನೆ ದಾಟಿದ ಹೆಸರನ್ನು ಪಟ್ಟಿಯಿಂದ ತೆಗೆ ಎಂಬ ಆಜ್ಞೆ. ಪ್ರಶ್ನೆ ಕೇಳು, ಹೆಜ್ಜೆಯಿಡು, ಬೇಕಾದರೆ ತೆಗೆ. ಮತ್ತೆ ಪ್ರಶ್ನೆ ಕೇಳು. ಇಲ್ಲ ಎಂಬ ಉತ್ತರ ಬಂದಾಗ ಕೆಲಸ ಮುಗಿಯಿತು. ಕೇಳದೆಯೇ ಹೆಜ್ಜೆಯಿಟ್ಟು ಪಟ್ಟಿಯ ಕೊನೆಯಿಂದಾಚೆಗೆ ಹೋಗಲೆತ್ನಿಸಿದರೆ ಜಾವಾ ಒಪ್ಪುವುದಿಲ್ಲ. ಅಂತಹ ವಸ್ತುವೇ ಇಲ್ಲವೆಂದು ದೂರು ಹೇಳಿ ನಿಂತುಬಿಡುತ್ತದೆ. ಒಂದೂ ಹೆಜ್ಜೆಯಿಡದೆ ರಿಮೂವ್ ಎಂದರೂ, ಒಂದೇ ಹೆಜ್ಜೆಗೆ ಎರಡು ಸಲ ರಿಮೂವ್ ಎಂದರೂ ಹಾಗೆಯೇ ದೂರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೆರಳು ನಿಲ್ಲುವುದು ಹೆಸರಿನ ಮೇಲಲ್ಲ, ಎರಡು ಹೆಸರುಗಳ ನಡುವಣ ಸಂದಿನಲ್ಲಿ. ಮೊದಲು ಅದು ಮೊದಲನೆಯ ಹೆಸರಿಗಿಂತ ಮೇಲೆ ನಿಂತಿರುತ್ತದೆ. ಕೊನೆಗೆ ಕಡೆಯ ಹೆಸರಿಗಿಂತ ಕೆಳಗೆ ನಿಲ್ಲುತ್ತದೆ. ಆದಕಾರಣ 58 ಹೆಸರುಗಳ ಪಟ್ಟಿಯಲ್ಲಿ ಬೆರಳು ನಿಲ್ಲಬಹುದಾದ ಸ್ಥಳಗಳು 59. ಪಟ್ಟಿಗಳಿಗೆಂದೇ ಲಿಸ್ಟ್‌ಇಟರೇಟರ್ ಎಂಬ ಇನ್ನೊಂದು ಬೆರಳಿದೆ. ಅದು ಹಿಂದಕ್ಕೂ ನಡೆಯಬಲ್ಲದು. ದಾಟಿದ ಹೆಸರನ್ನು ಬದಲಾಯಿಸಬಲ್ಲದು. ತಾನು ನಿಂತ ಸಂದಿನಲ್ಲಿ ಹೊಸ ಹೆಸರನ್ನು ಸೇರಿಸಬಲ್ಲದು. ಸಾಧಾರಣ ಬೆರಳಾದರೋ ಮುಂದಕ್ಕೆ ಮಾತ್ರ ಹೋಗತಕ್ಕದ್ದು. ಒಮ್ಮೆ ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಓದಬೇಕಾದರೆ ಪಟ್ಟಿಯಿಂದ ಹೊಸ ಬೆರಳೊಂದನ್ನು ಕೇಳಿ ಪಡೆಯಬೇಕು.

ಪಟ್ಟಿ ಬೇರೆ, ಬೆರಳು ಬೇರೆ ಎಂದು ವಿಂಗಡಿಸಿದ್ದರಲ್ಲಿ ಒಂದು ದೊಡ್ಡ ಲಾಭವಿದೆ. ಒಂದೇ ಹಾಜರಿ ಪುಸ್ತಕದ ಮೇಲೆ ಇಬ್ಬರು ಉಪಾಧ್ಯಾಯರು ತಮ್ಮ ತಮ್ಮ ಬೆರಳಿಟ್ಟು ಬೇರೆ ಬೇರೆ ಸಾಲುಗಳನ್ನು ಓದಬಹುದು. ಒಬ್ಬರು ಎಲ್ಲಿದ್ದಾರೆಂಬುದು ಇನ್ನೊಬ್ಬರಿಗೆ ಅಡ್ಡಿಯಾಗುವುದಿಲ್ಲ. ತಾನು ಎಲ್ಲಿಯವರೆಗೆ ಓದಿದೆನೆಂಬ ನೆನಪನ್ನು ಪಟ್ಟಿಯ ಮೇಲೆ ಹೊರಿಸದೆ ಓದುವವನೇ ಇಟ್ಟುಕೊಳ್ಳುವುದರಿಂದ ಈ ಸೌಕರ್ಯ ಲಭಿಸುತ್ತದೆ.

ಹಾಗಾದರೆ ನಮ್ಮ ಆರು ಮಕ್ಕಳು ತಪ್ಪಿಹೋದದ್ದು ಹೇಗೆ? ಆ ಹುಡುಗನು ಬೆರಳನ್ನು ಉಪಯೋಗಿಸದೆ ಕ್ರಮಸಂಖ್ಯೆಯನ್ನು ಹಿಡಿದು ನಡೆದಿದ್ದನು. ಇದನ್ನು ನಮ್ಮ ಸೀಮೆಯ ಐದು ಬೆಳೆಗಳ ಪಟ್ಟಿಯಿಂದ ತಿಳಿಯೋಣ: ರಾಗಿ, ಅವರೆ, ಹುರುಳಿ, ಹುಣಿಸೆ, ಮಾವು. ಜಾವಾದಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ರಾಗಿ ಸೊನ್ನೆಯ ಸ್ಥಾನದಲ್ಲಿದೆ, ಅವರೆ 1ರಲ್ಲಿ, ಹುರುಳಿ 2ರಲ್ಲಿ, ಹುಣಿಸೆ 3ರಲ್ಲಿ, ಮಾವು 4ರಲ್ಲಿ. ಅವರೆಯನ್ನು ತೆಗೆಯಬೇಕು, ಉಳಿದವುಗಳಿಗೆ ಚೀಟಿ ಬರೆಯಬೇಕು. ಸೊನ್ನೆಯನ್ನು ನೋಡಿದೆವು, ರಾಗಿಗೆ ಚೀಟಿ ಬರೆದೆವು. ಒಂದನ್ನು ನೋಡಿದೆವು, ಅವರೆಯನ್ನು ತೆಗೆದೆವು. ತೆಗೆದ ಕೂಡಲೆ ಪಟ್ಟಿಯು ತನ್ನ ತೆರವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹುರುಳಿ 2ರಿಂದ 1ಕ್ಕೆ ಸರಿಯಿತು. ಹುಣಿಸೆ 2ಕ್ಕೆ, ಮಾವು 3ಕ್ಕೆ ಸರಿದವು. ನಾವಾದರೋ ಇದನ್ನರಿಯದೆ ಮುಂದಿನ ಸಂಖ್ಯೆಯಾದ 2ಕ್ಕೆ ಹೋದೆವು. ಅಲ್ಲಿ ಹುಣಿಸೆ ಕುಳಿತಿತ್ತು. ಹುರುಳಿಯನ್ನು ನಾವು ನೋಡಲೇ ಇಲ್ಲ. ಅದು ಪಟ್ಟಿಯಲ್ಲಿದೆ, ಆದರೆ ಅದಕ್ಕೆ ಚೀಟಿಯಿಲ್ಲ. ಪಟ್ಟಿಯನ್ನು ಎಣಿಸಿದರೆ ನಾಲ್ಕು. ಚೀಟಿಯನ್ನು ಎಣಿಸಿದರೆ ಮೂರು. ನಮ್ಮ 58ಕ್ಕೂ 52ಕ್ಕೂ ಇದ್ದ ಅಂತರದ ಗುಟ್ಟು ಇದೇ.

ಮಹನೀಯರೇ, ಆ ಹುಡುಗಿಯ ತಪ್ಪೇನು? ತನ್ನ ಮೇಲಿನ ಸಾಲಿನವರು ಊರು ಬಿಟ್ಟು ಹೋದರು. ಅವಳು ಒಂದು ಸ್ಥಾನ ಮುಂದಕ್ಕೆ ಸರಿದಳು. ಅಷ್ಟೆ. ಓದುವವರು ಹಳೆಯ ಸಂಖ್ಯೆಯನ್ನು ನಂಬಿ ಅವಳನ್ನು ದಾಟಿಹೋದರು. ಅವಳನ್ನೇ ನಾವು ಗದರಿಸಿದ್ದೆವು.

ಬೆರಳನ್ನು ಉಪಯೋಗಿಸಿದಾಗ ಈ ತಪ್ಪು ಆಗುವುದಿಲ್ಲ. ರಿಮೂವ್ ಎಂದು ಬೆರಳಿಗೇ ಹೇಳಿದರೆ ಅದು ಹೆಸರನ್ನು ತೆಗೆಯುವುದಲ್ಲದೆ ತಾನೂ ಒಂದು ಸ್ಥಾನ ಹಿಂದಕ್ಕೆ ಸರಿಯುತ್ತದೆ. ಅವರೆಯನ್ನು ತೆಗೆದಾಗ ಬೆರಳು ರಾಗಿಗೂ ಹುರುಳಿಗೂ ನಡುವಣ ಸಂದಿನಲ್ಲಿ ನಿಲ್ಲುತ್ತದೆ. ಮುಂದಿನ ಹೆಜ್ಜೆಗೆ ಹುರುಳಿಯೇ ಸಿಕ್ಕುತ್ತದೆ. ಪಟ್ಟಿಯನ್ನು ತಿದ್ದುವವನೂ ಓದುವವನೂ ಒಬ್ಬನೇ ಆದುದರಿಂದ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದೆ ಹೋಗುವ ಸಂಭವವಿಲ್ಲ. ಕ್ರಮಸಂಖ್ಯೆಯನ್ನೇ ಹಿಡಿದು ನಡೆಯಬೇಕೆಂದರೂ ಉಪಾಯವುಂಟು: ಕೊನೆಯಿಂದ ಮೊದಲಿಗೆ ಬರುವುದು. ಆಗ ಸರಿಯುವ ಹೆಸರುಗಳೆಲ್ಲವೂ ಮೊದಲೇ ನೋಡಿದವುಗಳಾಗಿರುತ್ತವೆ. 2014ರ ಜಾವಾ ಆವೃತ್ತಿಯಿಂದೀಚೆಗೆ ರಿಮೂವ್‌ಇಫ್ ಎಂಬ ಆಜ್ಞೆಯೂ ಇದೆ. ಯಾವ ಲಕ್ಷಣವುಳ್ಳವರನ್ನು ತೆಗೆಯಬೇಕೆಂದು ಹೇಳಿದರೆ ಪಟ್ಟಿಯೇ ಅವರನ್ನೆಲ್ಲ ತೆಗೆಯುತ್ತದೆ. ಮೊದಲು ಹಾಗೆ ಪಟ್ಟಿಯನ್ನು ಶುದ್ಧಮಾಡಿ, ಆ ಬಳಿಕ ಬೇರೆಯಾಗಿ ಚೀಟಿ ಬರೆಯುವುದು ಅತ್ಯಂತ ನಿರಪಾಯವಾದ ಮಾರ್ಗ.

ಬೆರಳಿನ ಇನ್ನೊಂದು ಪ್ರಯೋಜನವನ್ನು ಹೇಳಬೇಕಾದರೆ, ನಾವೆಲ್ಲರೂ ಬಲ್ಲ ರೈಲುಮಾರ್ಗವನ್ನು ನೆನೆಯೋಣ. ಜಾವಾದಲ್ಲಿ ಪಟ್ಟಿಗಳು ಹೆಚ್ಚಾಗಿ ಎರಡು ಬಗೆ. ಅರೇಲಿಸ್ಟ್ ಎಂಬುದು ನಂಬರು ಹಾಕಿದ ಮನೆಗಳ ಬೀದಿಯಂತೆ. ನಲವತ್ತನೆಯ ಮನೆ ಬೇಕಾದರೆ ನೇರವಾಗಿ ಅಲ್ಲಿಗೇ ಹೋಗಬಹುದು. ಲಿಂಕ್ಡ್‌ಲಿಸ್ಟ್ ಎಂಬುದು ಹೊಸೂರಿನಿಂದ ಸೇಲಂಗೆ ಹೋಗುವ ರೈಲುಮಾರ್ಗದಂತೆ. ಹೊಸೂರು, ಕೆಲಮಂಗಲ, ರಾಯಕೋಟೆ, ಪಾಲಕೋಡು, ಧರ್ಮಪುರಿ, ಓಮಲೂರು, ಸೇಲಂ ಎಂದು ಅದರ ಮುಖ್ಯ ನಿಲ್ದಾಣಗಳು ಒಂದಾದ ಮೇಲೊಂದು ಬರುತ್ತವೆ. ಅಲ್ಲಿ ಪ್ರತಿಯೊಂದು ನಿಲ್ದಾಣವೂ ತನ್ನ ಹಿಂದಿನ ಮತ್ತು ಮುಂದಿನ ನಿಲ್ದಾಣಗಳನ್ನು ಮಾತ್ರ ಬಲ್ಲದು. ರಾಯಕೋಟೆಯನ್ನು ದಾಟದೆ ಹೊಸೂರಿನಿಂದ ಪಾಲಕೋಡನ್ನು ಸೇರುವಂತಿಲ್ಲ.

ಇಂತಹ ಪಟ್ಟಿಯನ್ನು ಕ್ರಮಸಂಖ್ಯೆಯಿಂದ ಓದುವುದೆಂದರೆ ಪ್ರತಿಯೊಂದು ನಿಲ್ದಾಣಕ್ಕೂ ಮತ್ತೆ ಮತ್ತೆ ಮಾರ್ಗದ ತುದಿಯಿಂದ ಹೊರಟು ಬರುವುದು. ರಾಯಕೋಟೆಯನ್ನು ನೋಡಿ ಹೊಸೂರಿಗೆ ಹಿಂದಿರುಗಿ, ಪುನಃ ಹೊರಟು ಪಾಲಕೋಡನ್ನು ನೋಡುವ ಪ್ರಯಾಣಿಕನನ್ನು ಯಾರು ತಾನೆ ಬುದ್ಧಿವಂತನೆಂದಾರು? ಜಾವಾದ ಲಿಂಕ್ಡ್‌ಲಿಸ್ಟು ಎರಡು ತುದಿಗಳಲ್ಲಿ ಯಾವುದು ಹತ್ತಿರವೋ ಅಲ್ಲಿಂದ ಹೊರಡುವಷ್ಟು ಜಾಣತನವನ್ನು ತೋರಿಸುತ್ತದೆ. ಹಾಗಿದ್ದರೂ 100 ಹೆಸರುಗಳ ಪಟ್ಟಿಯನ್ನು ಕ್ರಮಸಂಖ್ಯೆಯಿಂದ ಪೂರ್ತಿ ಓದಲು ಒಟ್ಟು 2,550 ಸಲ ಹೆಸರುಗಳನ್ನು ಮುಟ್ಟಬೇಕಾಗುತ್ತದೆ. 1,000 ಹೆಸರುಗಳಾದರೆ 2,50,500 ಸಲ. ಗಣಿತದ ವಿದ್ಯಾರ್ಥಿಗಳು ಒಂದರಿಂದ ಐವತ್ತರವರೆಗಿನ ಮೊತ್ತವನ್ನು ಇಮ್ಮಡಿಸಿ ಮೊದಲನೆಯ ಲೆಕ್ಕವನ್ನು ಪರೀಕ್ಷಿಸಬಹುದು. ಬೆರಳಾದರೋ ಇಳಿದ ನಿಲ್ದಾಣದಲ್ಲಿಯೇ ನಿಂತು ಮುಂದಿನ ಗಾಡಿಯನ್ನು ಹತ್ತುತ್ತದೆ. ಅದಕ್ಕೆ 100 ಹೆಸರುಗಳಿಗೆ 100 ಹೆಜ್ಜೆ, 1,000ಕ್ಕೆ 1,000 ಹೆಜ್ಜೆ ಮಾತ್ರ. ಅಲ್ಲದೆ, ಸ್ಥಾನಗಳಿಗೆ ಸಂಖ್ಯೆಯೇ ಇಲ್ಲದ ಸಂಗ್ರಹಗಳೂ ಜಾವಾದಲ್ಲಿವೆ; ಅವುಗಳ ಮೇಲೆಯೂ ಅದೇ ಬೆರಳು, ಅದೇ ಪ್ರಶ್ನೆ, ಅದೇ ಹೆಜ್ಜೆ. ಸಂಗ್ರಹದ ಒಳಗಣ ರಚನೆ ಏನೇ ಇರಲಿ, ನಡೆಯುವ ರೀತಿ ಒಂದೇ ಆಗಿರುವುದು ಈ ಏರ್ಪಾಡಿನ ಸೊಗಸು.

ಇನ್ನು ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ ಗುಣವನ್ನು ಹೇಳುತ್ತೇವೆ. ಬೆರಳು ಪಟ್ಟಿಯ ಮೇಲೆ ನಡೆಯುತ್ತಿರುವಾಗಲೇ, ಅದಕ್ಕೆ ತಿಳಿಸದೆ ಬೇರೆ ಯಾರೋ ಒಂದು ಹೆಸರನ್ನು ತೆಗೆದರೆ ಅಥವಾ ಸೇರಿಸಿದರೆ ಏನಾಗಬೇಕು? ಪಟ್ಟಿಯು ತನ್ನಲ್ಲಿ ಇಂತಹ ಬದಲಾವಣೆ ಎಷ್ಟು ಸಲ ಆಯಿತೆಂಬ ಎಣಿಕೆಯನ್ನು ಇಟ್ಟುಕೊಂಡಿರುತ್ತದೆ. ಬೆರಳು ಹುಟ್ಟುವಾಗ ಆ ಎಣಿಕೆಯನ್ನು ಗುರುತು ಮಾಡಿಕೊಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ತನ್ನ ಗುರುತನ್ನು ಪಟ್ಟಿಯ ಎಣಿಕೆಯೊಡನೆ ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ನಡೆಯುತ್ತದೆ. ಬೇರೆಯಾಗಿದ್ದರೆ ಅಲ್ಲಿಯೇ ನಿಂತು, ನಾನು ಓದುತ್ತಿರುವ ಪಟ್ಟಿಯನ್ನು ಯಾರೋ ಮುಟ್ಟಿದ್ದಾರೆ ಎಂದು ಕೂಗುತ್ತದೆ. ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಎಂಬುದು ಆ ಕೂಗಿನ ಹೆಸರು. ಅದನ್ನು ಕಂಡರೆ ಕಾಲೇಜಿನ ಹುಡುಗರು ಹೆದರುತ್ತಾರಂತೆ. ಹೆದರಬಾರದು, ಕೃತಜ್ಞರಾಗಿರಬೇಕು. ಅಂದು ನಮ್ಮ ಪ್ರೋಗ್ರಾಂ ಹಾಗೆ ಕೂಗಿದ್ದಿದ್ದರೆ ಚೀಟಿಗಳು ಅಚ್ಚಾಗುತ್ತಿರಲಿಲ್ಲ. ಆ ಮಕ್ಕಳು ಬರಿಗೈಯಲ್ಲಿ ನಿಲ್ಲುತ್ತಿರಲಿಲ್ಲ. ಸದ್ದಿಲ್ಲದೆ ಮುಗಿದ ತಪ್ಪಿಗಿಂತ ಕೂಗಿ ಕೆಲಸ ಕೆಡಿಸುವ ತಪ್ಪೇ ಲೇಸು.

ಆದರೆ ಈ ಕಾವಲಿಗೂ ಒಂದು ಮಿತಿಯುಂಟು. 2004ರಲ್ಲಿ ಬಂದ ಆವೃತ್ತಿಯಲ್ಲಿ, ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಇದನ್ನು ಮಾಡು ಎಂದು ಒಂದೇ ಸಾಲಿನಲ್ಲಿ ಬರೆಯುವ ಸುಲಭವಾದ ಕ್ರಮವೊಂದು ಸೇರಿತು. ಅದರಲ್ಲಿ ಬೆರಳು ಇದ್ದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆರಳಿಗೆ ರಿಮೂವ್ ಎಂದು ಹೇಳುವುದು ಹೇಗೆ? ಆದುದರಿಂದ ಅವಸರದವರು ಪಟ್ಟಿಗೇ ನೇರವಾಗಿ ಹೇಳಿ ಹೆಸರನ್ನು ತೆಗೆಯುತ್ತಾರೆ. ಸಾಧಾರಣವಾಗಿ ಮುಂದಿನ ಹೆಜ್ಜೆಯಲ್ಲಿ ಕೂಗು ಬರುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಬರುವುದಿಲ್ಲ. ನಮ್ಮ ಐದು ಬೆಳೆಗಳ ಅರೇಲಿಸ್ಟಿನಲ್ಲಿ ಕೊನೆಯಿಂದ ಎರಡನೆಯದಾದ ಹುಣಿಸೆಯನ್ನು ಹೀಗೆ ತೆಗೆದೆವೆಂದು ಭಾವಿಸಿ. ಬೆರಳು ದಾಟಿರುವುದು ನಾಲ್ಕು. ಪಟ್ಟಿಯಲ್ಲಿ ಈಗ ಇರುವುದೂ ನಾಲ್ಕೇ. ಮುಂದೆ ಇನ್ನಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬರುತ್ತದೆ. ಎಣಿಕೆಯನ್ನು ಹೋಲಿಸುವುದು ಹೆಜ್ಜೆಯಿಡುವಾಗಲೇ ಹೊರತು ಪ್ರಶ್ನೆ ಕೇಳುವಾಗಲ್ಲ. ಆದುದರಿಂದ ಕೂಗೂ ಇಲ್ಲ, ದೂರೂ ಇಲ್ಲ; ಕೊನೆಯಲ್ಲಿದ್ದ ಮಾವು ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದುಹೋಯಿತು. ಈ ಕಾವಲನ್ನೇ ನೆಚ್ಚಿ ಪ್ರೋಗ್ರಾಂ ಬರೆಯಕೂಡದೆಂದು ಜಾವಾದ ಕೈಪಿಡಿಯೇ ಎಚ್ಚರಿಸುತ್ತದೆ. ಕಾವಲುಗಾರನಿದ್ದಾನೆಂದು ಬಾಗಿಲನ್ನು ತೆರೆದಿಟ್ಟು ಮಲಗುವುದು ಉಚಿತವಲ್ಲ.

ಈ ವಿಷಯವನ್ನು ಈ ಸಭೆಯಲ್ಲಿ ಏಕೆ ಎತ್ತಿದೆವೆಂದು ತಾವು ಕೇಳಬಹುದು. ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿರಿ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳೆಲ್ಲವೂ ಒಂದು ಕಾಲಕ್ಕೆ ಸೇಲಂ ಜಿಲ್ಲೆಯ ಪಟ್ಟಿಯಲ್ಲಿದ್ದವು. 1965ನೆಯ ಇಸವಿ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು. ಜನ ಇದ್ದಲ್ಲಿಯೇ ಇದ್ದರು. ಪಟ್ಟಿಗಳಲ್ಲಿ ಅವರ ಸ್ಥಾನಗಳು ಸರಿದವು. ಇದರಲ್ಲಿ ಯಾರ ತಪ್ಪೂ ಇಲ್ಲ. ಆಡಳಿತವೆಂದ ಮೇಲೆ ಪಟ್ಟಿಗಳು ಬದಲಾಗಲೇಬೇಕು. ಆದರೆ ಗಡಿಯಲ್ಲಿ ವಾಸಿಸುವ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ಎಲ್ಲ ಪಟ್ಟಿಗಳಲ್ಲಿಯೂ ಕೊನೆಯಲ್ಲೋ, ಕೊನೆಯಿಂದ ಎರಡನೆಯ ಸಾಲಿನಲ್ಲೋ ಇರುವುದು ಸಾಮಾನ್ಯ. ಪಟ್ಟಿ ಸರಿದಾಗ ಮೊದಲು ತಪ್ಪಿಹೋಗತಕ್ಕವರು ಅವರೇ. ಇಂದು ಪಟ್ಟಿಗಳೆಲ್ಲವೂ ಕಂಪ್ಯೂಟರಿನೊಳಗೆ ಹೋಗಿವೆ. ಅವುಗಳ ಮೇಲೆ ಬೆರಳಿಟ್ಟು ನಡೆಯುವವರು ನಾಳೆ ನಮ್ಮ ಈ ಮಕ್ಕಳೇ ಆಗಬಹುದು. ಸಾಲಿನಲ್ಲಿ ಒಂದು ಸ್ಥಾನ ಮುಂದಕ್ಕೆ ಸರಿದುದಕ್ಕಾಗಿ ಒಂದು ಮಗುವೂ ತಪ್ಪಿಹೋಗಕೂಡದೆಂಬ ಎಚ್ಚರ ಅವರಿಗೆ ಈಗಿನಿಂದಲೇ ಬರಬೇಕು.

ಇನ್ನೊಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂತಹ ವಿದ್ಯೆ ಎಟುಕದೆಂಬ ಭಯ ಹಲವು ತಾಯಿತಂದೆಗಳಲ್ಲಿದೆ. ಜಾವಾದ ಆಜ್ಞೆಗಳು ಇಂಗ್ಲಿಷಿನವು, ನಿಜ, ಅವುಗಳನ್ನು ಕಲಿಯಲೇಬೇಕು. ಆದರೆ ಆ ಭಾಷೆಯು ಮೊದಲಿನಿಂದಲೂ ಯೂನಿಕೋಡ್ ಲಿಪಿವ್ಯವಸ್ಥೆಯನ್ನು ಅಂಗೀಕರಿಸಿದೆ. ಪಟ್ಟಿಯೊಳಗಣ ಹೆಸರುಗಳನ್ನು ಮಾತ್ರವಲ್ಲ, ಪಟ್ಟಿಗೆ ನಾವಿಡುವ ಹೆಸರನ್ನೂ ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. ಅದಕ್ಕಿಂತ ಮುಖ್ಯವಾದದ್ದು ತಿಳಿವಳಿಕೆ. ನಮ್ಮ ಹುಡುಗನು ಇಂಗ್ಲಿಷಿನಲ್ಲಿ ಆ ಸೂತ್ರವನ್ನು ಕಂಠಪಾಠ ಮಾಡಿದ್ದನು, ಅಂಕಗಳನ್ನೂ ಪಡೆದಿದ್ದನು, ಆದರೂ ತಪ್ಪು ಮಾಡಿದನು. ಬೆರಳು ಎಂಬ ಮಾತು ಸಿಕ್ಕಿದ ಮೇಲೆ ಅವನು ಆ ಭಾನುವಾರ ನಮ್ಮ ಎದುರಿನಲ್ಲಿಯೇ ಪ್ರೋಗ್ರಾಮನ್ನು ಹೊಸದಾಗಿ ಬರೆದನು. ಈಗ ಪ್ರತಿವರ್ಷವೂ ಅದನ್ನೇ ಉಪಯೋಗಿಸುತ್ತಿದ್ದೇವೆ. ಕೊನೆಯಲ್ಲಿ ಅದು ಎರಡು ಸಂಖ್ಯೆಗಳನ್ನು ತೋರಿಸುತ್ತದೆ: ಪಟ್ಟಿಯಲ್ಲಿ ಉಳಿದವರು ಎಷ್ಟು, ಬರೆದ ಚೀಟಿಗಳೆಷ್ಟು. ಎರಡೂ ಸಮನಾಗಿರದಿದ್ದರೆ ಅಚ್ಚುಮಾಡುವುದಿಲ್ಲ. ಅಷ್ಟಾದ ಮೇಲೂ ಚೀಟಿಗಳನ್ನು ನಾವು ಕೈಯಿಂದ ಒಮ್ಮೆ ಎಣಿಸುತ್ತೇವೆ.

ಆ ಆರು ಮಕ್ಕಳಿಗೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ, ಎಲ್ಲರ ಎದುರಿಗೆ ಪುಸ್ತಕಗಳನ್ನು ಕೊಟ್ಟೆವು. ಕಂಬದ ಬಳಿ ನಿಂತಿದ್ದ ಹುಡುಗಿಗೆ, “ನೀನು ಹೇಳಿದ್ದೇ ನಿಜವಮ್ಮ, ತಪ್ಪು ನಮ್ಮದು” ಎಂದು ಹೇಳಿದೆವು. ಅವಳು ಏನೂ ಹೇಳದೆ ಕಟ್ಟನ್ನು ಎದೆಗವಚಿಕೊಂಡು ತನ್ನ ಸಾಲಿಗೆ ಹೋಗಿ ನಿಂತಳು. ಈ ವರ್ಷದ ಹಂಚಿಕೆಗೆ ಪಟ್ಟಿ ಸಿದ್ಧವಾಗುತ್ತಿದೆ. ಸಂಘದ ಸದಸ್ಯರಲ್ಲಿ ಯಾರಿಗಾದರೂ ಬಿಡುವಿದ್ದರೆ ಮುಂದಿನ ಶನಿವಾರ ಶಾಲೆಗೆ ದಯಮಾಡಿಸಿ ಚೀಟಿಗಳನ್ನು ಎಣಿಸುವುದರಲ್ಲಿ ನಮಗೆ ನೆರವಾಗಬೇಕೆಂದು ಪ್ರಾರ್ಥಿಸುತ್ತೇವೆ.